ಪ್ಲಾಸ್ಮಾ ಆಯುಧದ ಬೆಳಕು: ಮರಳಿ ಬಂದ ಹತ್ತು ಸೈನಿಕರು

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಮಹಡಿಯ ಮೇಲೊಂದು ಕೋಣೆ ಹಿಡಿದು ನಾವು ಮೂವರು ಮೇಜಿನ ಮೇಲೆ ಆಡುವ ಯುದ್ಧದಾಟದ ಪುಟ್ಟ ಬೊಂಬೆಗಳಾದ ಮಿನಿಯೇಚರ್‌ಗಳಿಗೆ ಬಣ್ಣ ಹಚ್ಚುವ ಕೆಲಸ ಮಾಡುತ್ತೇವೆ. ಆಟಗಾರರು ಪ್ಲಾಸ್ಟಿಕ್ ಬಿಡಿಭಾಗಗಳ ಪೆಟ್ಟಿಗೆಗಳನ್ನು ಕಳಿಸುತ್ತಾರೆ. ನಾವು ಅವನ್ನು ಜೋಡಿಸಿ, ಪ್ರೈಮರ್ ಹೊಡೆದು, ಬಣ್ಣ ಹಚ್ಚಿ ಮರಳಿ ಕಳಿಸುತ್ತೇವೆ. ಬರುವ ಕೆಲಸದಲ್ಲಿ ಹೆಚ್ಚಿನ ಪಾಲು ವಾರ್‌ಹ್ಯಾಮರ್ 40,000 ಆಟದ್ದು. ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ ಕಂಪನಿ 1987ರಲ್ಲಿ ಹೊರತಂದ ಈ ಆಟದ ಕಥೆ ಬಹು ದೂರದ ಭವಿಷ್ಯದಲ್ಲಿ ನಡೆಯುವುದರಿಂದ, ಅದರ ಸೈನಿಕರ ಕೈಯಲ್ಲಿ ಪ್ಲಾಸ್ಮಾ ಉಗುಳುವ ಬಂದೂಕುಗಳೂ ಹಸಿರಾಗಿ ಉರಿಯುವ ಗಾಸ್ ಆಯುಧಗಳೂ ಇರುತ್ತವೆ. ಈ ಆಯುಧಗಳು ಹೊಳೆಯಬೇಕು, ಅವುಗಳ ಬೆಳಕು ಸೈನಿಕನ ಕವಚದ ಮೇಲೂ ಬಿದ್ದಂತೆ ಕಾಣಬೇಕು ಎಂದು ಹೆಚ್ಚಿನ ಗಿರಾಕಿಗಳು ಕೇಳುತ್ತಾರೆ. ನಮ್ಮ ಕೆಲಸದಲ್ಲಿ ಇದಕ್ಕೆ ಆಬ್ಜೆಕ್ಟ್ ಸೋರ್ಸ್ ಲೈಟಿಂಗ್ ಎಂಬ ಹೆಸರಿದೆ. ನಾನು ಇದನ್ನು ಕಲಿತದ್ದು ಒಂದು ಆರ್ಡರ್ ಪೂರ್ತಿಯಾಗಿ ಮರಳಿ ಬಂದ ಮೇಲೆ.

ಅದು ಹೆಲ್‌ಬ್ಲಾಸ್ಟರ್ ಎಂಬ ಪಡೆಯ ಹತ್ತು ಸೈನಿಕರ ಆರ್ಡರ್. ಈ ಪಡೆಯಲ್ಲಿ ಎಲ್ಲರ ಕೈಯಲ್ಲೂ ಪ್ಲಾಸ್ಮಾ ಬಂದೂಕೇ ಇರುತ್ತದೆ, ಮತ್ತು ಬಂದೂಕಿನ ಮೇಲ್ಭಾಗದಲ್ಲಿ ಸಾಲಾಗಿ ಉಬ್ಬಿದ, ಸುರುಳಿಯಂತಿರುವ ಕಾಯಿಲ್‌ಗಳಿರುತ್ತವೆ. ಗಿರಾಕಿ ಕೇಳಿದ್ದು ಕೆಂಪು ಕವಚ ಮತ್ತು ನೀಲಿ ಬೆಳಕು. ನಾನು ಕವಚವನ್ನು ಬಹಳ ಶ್ರದ್ಧೆಯಿಂದ ಮುಗಿಸಿದೆ. ಭುಜದ ಅಂಚುಗಳನ್ನು ಕಿತ್ತಳೆಯಿಂದ ಆರಂಭಿಸಿ ಬಹುತೇಕ ಬಿಳಿಯವರೆಗೂ ಏರಿಸಿದೆ. ಕೊನೆಗೆ ಕಾಯಿಲ್‌ಗಳಿಗೆ ಗಾಢ ನೀಲಿ ಹಚ್ಚಿ, ಉಬ್ಬುಗಳ ಮೇಲೆ ಬಿಳಿ ಗೆರೆ ಎಳೆದು, ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಶ್‌ನಿಂದ ಸುತ್ತಲೂ ನೀಲಿ ಮಂಜು ಹಾರಿಸಿದೆ. ಪಾರ್ಸೆಲ್ ತಲುಪಿದ ದಿನ ಗಿರಾಕಿಯಿಂದ ಬಂದ ಸಂದೇಶದಲ್ಲಿ ಸಿಟ್ಟಿರಲಿಲ್ಲ. ಸೈನಿಕರ ಎದೆಯ ಮೇಲೆ ರಂಗೋಲಿಯ ನೀಲಿ ಪುಡಿ ಚೆಲ್ಲಿದಂತೆ ಕಾಣುತ್ತದೆ, ಬೆಳಕಿನಂತೆ ಕಾಣುವುದಿಲ್ಲ, ದಯವಿಟ್ಟು ಸರಿಪಡಿಸಿ ಎಂದಷ್ಟೇ ಬರೆದಿದ್ದರು. ಮಾತು ನಿಜವಾಗಿತ್ತು, ಹಾಗಾಗಿಯೇ ಅದು ನನಗೆ ಹೆಚ್ಚು ನೋವು ಕೊಟ್ಟಿತು.

ಮರಳಿ ಬಂದ ಸೈನಿಕರನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿಕೊಂಡು ಕುಳಿತಿದ್ದಾಗ ಕೆಳಮನೆಯ ಕಾಕಾ ಮೇಲೆ ಬಂದರು. ಅವರು ಅನೇಕ ವರ್ಷ ಗಣಪತಿ ಮೂರ್ತಿಗಳಿಗೆ ಬಣ್ಣ ಹಚ್ಚಿದವರು. ಒಬ್ಬ ಸೈನಿಕನನ್ನು ಎತ್ತಿ, ಕಿಟಕಿಯ ಬಳಿ ಹಿಡಿದು, ಬಹಳ ಹೊತ್ತು ತಿರುಗಿಸಿ ನೋಡಿ ಹೇಳಿದರು: "ತಮ್ಮಾ, ಇವನ ಮೈತುಂಬ ಬೆಳಕ ಐತಿ. ಮತ್ತ ಈ ದೀಪ ಯಾರಿಗೆ ಹಚ್ಚೀದಿ?"

ಆ ಪ್ರಶ್ನೆಯಲ್ಲಿಯೇ ನನ್ನ ತಪ್ಪೆಲ್ಲ ಇತ್ತು. ಬಣ್ಣ ತಾನಾಗಿ ಬೆಳಕು ಕೊಡುವುದಿಲ್ಲ. ಕೋಣೆಯ ಬೆಳಕನ್ನು ಹೆಚ್ಚು ಅಥವಾ ಕಡಿಮೆ ಹಿಂದಿರುಗಿಸುತ್ತದೆ, ಅಷ್ಟೆ. ನಮ್ಮ ಬಳಿ ಇರುವ ಅತ್ಯಂತ ಬೆಳ್ಳನೆಯ ಪದಾರ್ಥ ಬಿಳಿ ಬಣ್ಣ, ಮತ್ತು ನಾನು ಅದನ್ನು ಆಗಲೇ ಭುಜದ ಅಂಚುಗಳಿಗೆ ಖರ್ಚು ಮಾಡಿಬಿಟ್ಟಿದ್ದೆ. ಮೊಬೈಲಿನಲ್ಲಿ ಒಂದು ಫೋಟೋ ತೆಗೆದು ಕಪ್ಪು-ಬಿಳುಪಿಗೆ ಬದಲಿಸಿ ನೋಡಿದಾಗ ಭುಜದ ಅಂಚೂ ಪ್ಲಾಸ್ಮಾ ಕಾಯಿಲ್ಲೂ ಒಂದೇ ಬೂದು ಬಣ್ಣದಲ್ಲಿ ಕಂಡವು. ಇನ್ನು ಕಾಯಿಲ್ ಸುತ್ತ ಹಾರಿಸಿದ್ದ ನೀಲಿ ಮಂಜು ಅದರ ಕೆಳಗಿನ ಕೆಂಪಿಗಿಂತಲೂ ಕಪ್ಪಾಗಿತ್ತು. ಬೆಳಕು ಬಿದ್ದ ಜಾಗ ಬೆಳಕು ಬೀಳದ ಜಾಗಕ್ಕಿಂತ ಕಪ್ಪಾಗಿದ್ದರೆ ಯಾವ ಕಣ್ಣೂ ಅದನ್ನು ಬೆಳಕು ಎಂದು ನಂಬುವುದಿಲ್ಲ. ಅಂದಿನಿಂದ ಈ ಕಪ್ಪು-ಬಿಳುಪು ಫೋಟೋ ತೆಗೆಯದೆ ನಾನು ಯಾವ ಹೊಳಪಿನ ಕೆಲಸವನ್ನೂ ಮುಗಿಸಿಲ್ಲ.

ಮೊದಲು ಕವಚವನ್ನು ಮಂಕಾಗಿಸಲು ಹತ್ತೂ ಸೈನಿಕರ ಮೇಲೆ ಕಡುಗೆಂಪಿಗೆ ಸ್ವಲ್ಪ ಕಂದು ಬೆರೆಸಿ, ನೀರಿನಷ್ಟು ತೆಳುವಾದ, ಕೆಳಗಿನ ಬಣ್ಣ ಕಾಣಿಸುವ ಗ್ಲೇಜ್ ಮಾಡಿಕೊಂಡು, ಒಂದು ಪದರ ಪೂರ್ತಿ ಒಣಗಿದ ಮೇಲೆ ಮತ್ತೊಂದರಂತೆ ಮೂರು ಪದರ ಹಚ್ಚಿದೆ. ನಾನೇ ಇಷ್ಟಪಟ್ಟು ಎಳೆದ ಅಂಚುಗಳನ್ನು ನಾನೇ ಮಂಕು ಮಾಡುವುದು ಸುಲಭವಾಗಿರಲಿಲ್ಲ. ಆದರೆ ಮೂರನೆಯ ಪದರ ಒಣಗುವ ಹೊತ್ತಿಗೆ, ಇನ್ನೂ ಮುಟ್ಟಿರದ ಹಳೆಯ ಕಾಯಿಲ್‌ಗಳೇ ಮೊದಲಿಗಿಂತ ಪ್ರಕಾಶವಾಗಿ ಕಾಣತೊಡಗಿದ್ದವು.

ಆಮೇಲೆ ಕಾಯಿಲ್‌ಗಳನ್ನೂ ಮತ್ತೆ ಮಾಡಬೇಕಾಯಿತು. ಮಿನಿಯೇಚರ್ ಕೆಲಸದಲ್ಲಿ ಮೊದಲು ಕಲಿಸುವ ಅಭ್ಯಾಸವೆಂದರೆ ಸಂದಿಗಳಿಗೆ ಕಪ್ಪು ವಾಶ್, ಅಂದರೆ ನೀರಾದ ಬಣ್ಣ, ಇಳಿಸಿ ಉಬ್ಬುಗಳಿಗೆ ತಿಳಿಬಣ್ಣ ಹಚ್ಚುವುದು. ಬೆಳಕು ಮೇಲಿನಿಂದ ಬೀಳುವ ವಸ್ತುವಿಗೆ ಅದು ಸರಿ. ಪ್ಲಾಸ್ಮಾದ ಬೆಳಕು ಒಳಗಿನಿಂದ ಹೊರಗೆ ಬರುತ್ತದೆ. ಆದ್ದರಿಂದ ಸಂದಿಯ ತಳವೇ ಎಲ್ಲಕ್ಕಿಂತ ಬಿಳಿಯಾಗಿ, ಅಲ್ಲಿಂದ ಮೇಲೇರುತ್ತ ತಿಳಿನೀಲಿ, ನೀಲಿ, ಉಬ್ಬಿನ ತುದಿಗೆ ಕಡುನೀಲಿ ಬರಬೇಕು. ಈಗ ನಾನು ಇಡೀ ಕಾಯಿಲ್‌ಗೆ ಮೊದಲು ಬಿಳಿ ಹಚ್ಚಿ, ನೀಲಿ ಗ್ಲೇಜನ್ನು ಉಬ್ಬುಗಳ ಮೇಲಷ್ಟೇ ನಿಲ್ಲಿಸಿ, ಸಂದಿಗೆ ಹರಿದದ್ದನ್ನು ಒಣ ಕುಂಚದಿಂದ ಹೀರಿ ತೆಗೆದು, ಕೊನೆಗೆ ಸಂದಿಯ ತಳಕ್ಕೆ ಬಿಳಿ ಇಂಕಿನ ಸಣ್ಣ ಗೆರೆ ಎಳೆಯುತ್ತೇನೆ. ಅಪ್ಪಟ ಬಿಳಿ ಆ ಗೆರೆಯನ್ನು ಬಿಟ್ಟು ಇಡೀ ಬೊಂಬೆಯ ಮೇಲೆ ಬೇರೆಲ್ಲೂ ಇರಕೂಡದು.

ಬೆಳಕು ಎಲ್ಲಿ ಬೀಳುತ್ತದೆ ಎಂಬುದನ್ನು ಅಂದಾಜಿಗೆ ಬಿಡದೆ ಒಂದು ದಾರದಿಂದ ಅಳೆಯುತ್ತೇನೆ. ಕಪ್ಪು ಹೊಲಿಗೆ ದಾರದ ಒಂದು ತುದಿಯನ್ನು ಕಾಯಿಲ್ ಮೇಲೆ ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ನೆಟ್ಟಗೆ ಎಳೆದು ಕವಚದ ಯಾವ ಭಾಗಕ್ಕೆ ಅಡ್ಡಿಯಿಲ್ಲದೆ ಮುಟ್ಟಿಸಬಹುದೋ ಆ ಭಾಗಕ್ಕೆ ಮಾತ್ರ ಬೆಳಕು ಹಚ್ಚಬೇಕು. ಎದೆಯ ಕೆಳಭಾಗ, ಮುಂಗೈಯ ಒಳಬದಿ, ಬಂದೂಕಿನ ಮೈ, ಶಿರಸ್ತ್ರಾಣದ ಗದ್ದದ ಅಡಿ ಇವುಗಳಿಗೆ ದಾರ ಸಿಗುತ್ತದೆ. ಭುಜದ ಹೊರಬದಿಗೆ ಸಿಗುವುದಿಲ್ಲ. ನನ್ನ ಏರ್‌ಬ್ರಶ್ ಎರಡಕ್ಕೂ ಸಮನಾಗಿ ನೀಲಿ ಹಾರಿಸಿತ್ತು.

ದೂರದ ಲೆಕ್ಕವೂ ಇದೆ. ಚಿಕ್ಕ ದೀಪದಿಂದ ದೂರ ಇಮ್ಮಡಿಯಾದರೆ ಅಲ್ಲಿ ಬೀಳುವ ಬೆಳಕು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ ಎಂದು ಶಾಲೆಯಲ್ಲಿ ಓದಿದ್ದೆವು. ಕಾಯಿಲ್‌ನಿಂದ 2 ಮಿಲಿಮೀಟರ್ ದೂರದಲ್ಲಿರುವ ಬೆಳಕು 4 ಮಿಲಿಮೀಟರಿಗೆ ನಾಲ್ಕನೆಯ ಒಂದು ಭಾಗವಾಗಿ, 8 ಮಿಲಿಮೀಟರಿಗೆ ಹದಿನಾರನೆಯ ಒಂದು ಭಾಗವಾಗಿ ಇಳಿಯುತ್ತದೆ. ಕಾಯಿಲ್ ಒಂದು ಬಿಂದುವಲ್ಲ, ಉದ್ದನೆಯ ಸಾಲು, ಆದ್ದರಿಂದ ಈ ಲೆಕ್ಕ ಕರಾರುವಾಕ್ಕಾಗಿ ಹೊಂದುವುದಿಲ್ಲ. ಆದರೂ ನೀಲಿ ಎಷ್ಟು ಬೇಗ ಅಡಗಬೇಕು ಎಂಬುದನ್ನು ಕೈಗೆ ಕಲಿಸಲು ಇದು ಸಾಕು.

ಕೆಂಪು ಕವಚ ಮತ್ತೊಂದು ಪಾಠ ಕಲಿಸಿತು. ಕೆಂಪು ಬಣ್ಣ ನೀಲಿ ಬೆಳಕನ್ನು ಬಹುಪಾಲು ಹೀರಿಕೊಳ್ಳುವುದರಿಂದ ಅದರ ಮೇಲೆ ನೇರವಾಗಿ ಹಚ್ಚಿದ ನೀಲಿ ಗ್ಲೇಜ್ ಕೊಳೆತ ನೇರಳೆಯಂತಾಗುತ್ತದೆ. ಬೆಳಕು ಬೀಳುವ ಜಾಗಕ್ಕೆ ಮೊದಲು ತಿಳಿ ಬೂದು ಬಣ್ಣವನ್ನು ತೆಳುವಾಗಿ, ಕಾಯಿಲ್‌ನ ಕಡೆಗೆ ದಟ್ಟವಾಗುತ್ತ ಹೋಗುವಂತೆ ಹಚ್ಚಿ, ಅದರ ಮೇಲೆ ನೀಲಿ ಗ್ಲೇಜ್ ಹಾಕಿದಾಗ ಬಣ್ಣ ನಿಂತಿತು. ಕಪ್ಪು ಅಥವಾ ಬೂದು ಕವಚಕ್ಕೆ ಈ ಶ್ರಮ ಇಷ್ಟಿಲ್ಲ, ಹಾಗಾಗಿ ಮೊದಲ ಬಾರಿ ಪ್ರಯತ್ನಿಸುವವರು ಅಂಥ ಕವಚವನ್ನೇ ಆರಿಸಿಕೊಳ್ಳಲಿ.

ಇದೇ ಆಟದ ಶಕ್ತಿ ಖಡ್ಗಗಳ (ಶಕ್ತಿಯಿಂದ ಮಿಂಚುವ ಕತ್ತಿಗಳ) ವಿಷಯವನ್ನು ಇದರೊಂದಿಗೆ ಬೆರೆಸಬಾರದು. ಅವುಗಳ ಅಲಗಿನ ಮೇಲೆ ತಿಳಿಯಿಂದ ಗಾಢಕ್ಕೆ ಇಳಿಯುವ ಛಾಯೆ ಮತ್ತು ಮಿಂಚಿನ ಗೆರೆಗಳಿದ್ದರೆ ಸಾಕು. ಎಲ್ಲ ಖಡ್ಗವೂ ಸುತ್ತ ಬೆಳಕು ಚೆಲ್ಲಿದರೆ ಪಡೆಯಲ್ಲಿ ಯಾವುದಕ್ಕೂ ಕಣ್ಣು ನಿಲ್ಲುವುದಿಲ್ಲ. ಫ್ಲೋರೊಸೆಂಟ್ ಬಣ್ಣಗಳನ್ನು ನಾನು ಮಿತವಾಗಿ ಬಳಸುತ್ತೇನೆ. ನಮ್ಮ ಕಿಟಕಿಯ ಹಗಲಿನ ಬೆಳಕಿನಲ್ಲಿರುವ ಅತಿನೇರಳೆ ಕಿರಣಗಳಿಂದ ಅವು ಉರಿಯುವಂತೆ ಕಾಣುತ್ತವೆ. ಅದೇ ಬೊಂಬೆ ಗಿರಾಕಿಯ ಮನೆಯ ಹಳದಿ ಎಲ್‌ಇಡಿ ಬಲ್ಬಿನ ಕೆಳಗೆ ಮಂಕಾಗುತ್ತದೆ, ಮತ್ತು ಬಿಸಿಲಿಗೆ ಇಟ್ಟರೆ ಬೇಗ ಬಣ್ಣವೂ ಹಾರುತ್ತದೆ.

ಸರಿಪಡಿಸಿದ ಹತ್ತು ಸೈನಿಕರಿಗೆ ವಾರ್ನಿಶ್ ಹೊಡೆಯುವ ಹೊತ್ತಿಗೆ ಜುಲೈ ತಿಂಗಳು ಬಂದು ಮಳೆ ಹಿಡಿದಿತ್ತು. ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ಮ್ಯಾಟ್ (ಹೊಳಪಿಲ್ಲದ) ಸ್ಪ್ರೇ ವಾರ್ನಿಶ್ ಬೊಂಬೆಯ ಮೇಲೆ ಬೂದಿಯಂತೆ ಬೆಳ್ಳಗೆ ಕೂರುತ್ತದೆ. ಅಷ್ಟು ಕಷ್ಟಪಟ್ಟು ಇಳಿಸಿದ ಕಡುಬಣ್ಣ ಮತ್ತೆ ಮೇಲೇಳುತ್ತದೆ. ಗಿರಾಕಿಗೆ ಫೋನ್ ಮಾಡಿ ಕಾರಣ ಹೇಳಿ ಒಂದು ವಾರ ಹೆಚ್ಚು ಕೇಳಿಕೊಂಡೆ. ಸ್ಪ್ರೇ ಡಬ್ಬಿಯನ್ನು ಬದಿಗಿಟ್ಟು, ಕುಂಚದಿಂದ ಹಚ್ಚುವ ಮ್ಯಾಟ್ ವಾರ್ನಿಶನ್ನು ತೆಳುವಾಗಿ ಎರಡು ಪದರ ಹಚ್ಚಿದೆ, ಮತ್ತು ಅದು ಒಣಗಿದ ಮೇಲೆ ಕಾಯಿಲ್‌ಗಳಿಗೆ ಮಾತ್ರ ಒಂದು ಹನಿ ಹೊಳಪಿನ ವಾರ್ನಿಶ್ ಇಟ್ಟೆ. ಪಾರ್ಸೆಲ್ ಕಟ್ಟುವ ಮೊದಲು ಒಬ್ಬ ಸೈನಿಕನನ್ನು ಕೆಳಮನೆಗೆ ಒಯ್ದು ಕಾಕಾ ಅವರ ಅಂಗೈಯಲ್ಲಿಟ್ಟೆ. ಅವರು ಎದ್ದು ಹೋಗಿ ಕೋಣೆಯ ಟ್ಯೂಬ್‌ಲೈಟ್ ಆರಿಸಿದರು, ಕಿಟಕಿಯಿಂದ ಬರುತ್ತಿದ್ದ ಮಳೆಗಾಲದ ಬೆಳಕಿಗೆ ಅವನನ್ನು ಹಿಡಿದು ನೋಡಿದರು, ಮತ್ತು ಅವನ ಎದೆಯ ಮೇಲೆ ನೀಲಿ ಅಡಗುವ ಜಾಗವನ್ನು ಉಗುರಿನ ತುದಿಯಿಂದ ತೋರಿಸಿ, "ಇಲ್ಲಿ ಛಲೋ ಆಗೇತಿ" ಎಂದರು.