ಮೂರನೇ ಸಾಲಿನ ಉಸಿರು

ಚಿಕ್ಕಮಗಳೂರಿನ ಜುಲೈ ಮಳೆ ಶುರುವಾದರೆ ನಮ್ಮ ಕ್ಲಾಸಿನ ಶೀಟಿನ ಮಾಡು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಹಿಂದಿನ ಬೆಂಚಿಗೆ ಪಾಠ ಕೇಳಿಸುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಬೇರೆಯವರು ನೋಟ್ಸ್ ಬರೆಸುತ್ತಿದ್ದರು. ನಮ್ಮ ಕನ್ನಡ ಮೇಡಂ ಪುಸ್ತಕ ಹಿಡಿದು ಬೆಂಚುಗಳ ನಡುವೆ ಬಂದು ನಿಂತು ಗಟ್ಟಿಯಾಗಿ ಓದುತ್ತಿದ್ದರು.

ನಾವು ಬಿ.ಕಾಂ. ಹುಡುಗರು. ಕನ್ನಡದಲ್ಲಿ ಪಾಸಾದರೆ ಸಾಕಿತ್ತು. ನಮ್ಮ ಮುಂದೆ ಅವರು ಕವಿ ಲಕ್ಷ್ಮೀಶ ಬರೆದ ಜೈಮಿನಿ ಭಾರತದ ಚಂದ್ರಹಾಸನ ಕತೆ ತೆಗೆದರು. "ಲಕ್ಷ್ಮೀಶ ದೂರದವನಲ್ಲ ಕಣ್ರೋ, ನಮ್ಮ ದೇವನೂರಿನವನು" ಎಂದಾಗ, ಕಡೂರು ಕಡೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ನಾವು ನಾಲ್ಕೈದು ಜನ ನೆಟ್ಟಗೆ ಕೂತೆವು.

ಕತೆ ಬಹಳ ಜನರಿಗೆ ಗೊತ್ತು. ಮಂತ್ರಿ ದುಷ್ಟಬುದ್ಧಿ ಚಂದ್ರಹಾಸನ ಕೈಯಲ್ಲೇ ಪತ್ರ ಕೊಟ್ಟು ಮಗ ಮದನನ ಹತ್ತಿರ ಕಳಿಸುತ್ತಾನೆ. ಇವನಿಗೆ ವಿಷ ಕೊಡು ಅಂತ ಅದರಲ್ಲಿದೆ. ಹುಡುಗ ದಣಿದು ತೋಟದಲ್ಲಿ ಮಲಗುತ್ತಾನೆ. ಮಂತ್ರಿಯ ಮಗಳು ವಿಷಯೆ ಅಲ್ಲಿಗೆ ಬಂದು, ನೋಡಿ, ಮನಸೋತು, ಪತ್ರ ಬಿಚ್ಚಿ ಓದುತ್ತಾಳೆ. ಕಣ್ಣಿನ ಕಾಡಿಗೆಯಿಂದ ಅಕ್ಷರ ತಿದ್ದುತ್ತಾಳೆ. 'ವಿಷ' ಹೋಗಿ 'ವಿಷಯೆ' ಆಗುತ್ತದೆ. ಸಾಯಬೇಕಾದವನಿಗೆ ಮದುವೆ.

"ಅವಳು ತಿದ್ದಿದ್ದು ಎಲ್ಲರಿಗೂ ಗೊತ್ತು. ತಿದ್ದದೇ ಬಿಟ್ಟ ಮಾತು ಯಾವುದು?" ಎಂದು ಕೇಳಿದರು ಮೇಡಂ. ಯಾರಿಗೂ ಹೊಳೆಯಲಿಲ್ಲ.

"'ಕುಡುವುದು'. ಅಂದರೆ ಕೊಡುವುದು. ವಿಷಾನೂ ಕೊಡು ಅಂತೀವಿ, ಹೆಣ್ಣನ್ನೂ ಕೊಡು ಅಂತೀವಿ. ಅಪ್ಪ ಸುಮ್ನೆ 'ವಿಷ ಹಾಕು' ಅಂತ ಬರೆದಿದ್ದರೆ ಮಗಳು ಏನು ತಿದ್ದುತ್ತಿದ್ದಳು?"

ನನಗೆ ಮೈ ಜುಮ್ಮೆಂದಿತು. ಅಲ್ಲಿಯವರೆಗೆ ಒಂದು ಮಾತಿನ ಬದಲು ಅದೇ ಅರ್ಥದ ಇನ್ನೊಂದು ಮಾತು ಹಾಕಿದರೆ ಏನೂ ಆಗುವುದಿಲ್ಲ ಅಂದುಕೊಂಡಿದ್ದೆ. ಇಲ್ಲಿ 'ಕೊಡು' ಮತ್ತು 'ಹಾಕು' ನಡುವೆ ಒಬ್ಬ ಹುಡುಗನ ಜೀವ ನಿಂತಿತ್ತು.

ಆಮೇಲೆ ಪದ್ಯದ ಓಟದ ಪಾಠ. ಲಕ್ಷ್ಮೀಶನದು ವಾರ್ಧಕ ಷಟ್ಪದಿ ಅನ್ನುವ ಆರು ಸಾಲಿನ ಪದ್ಯ, ಐದೈದು ಮಾತ್ರೆಯ ಗಣ. ಮಾತ್ರೆ ಅಂದರೆ ಒಂದು ಹ್ರಸ್ವ ಅಕ್ಷರ ಹೇಳುವಷ್ಟು ಹೊತ್ತು, ಗಣ ಅಂದರೆ ಅವುಗಳ ಗುಂಪು. ಮೇಡಂ ಮೇಜಿನ ಮೇಲೆ ಬೆರಳಲ್ಲಿ ತಟ್ಟಿ ತೋರಿಸಿದರು: ತಕತಕಿಟ, ತಕತಕಿಟ. ಒಂದು, ಎರಡು, ನಾಲ್ಕು, ಐದನೇ ಸಾಲುಗಳಲ್ಲಿ 20 ಮಾತ್ರೆ. ಮೂರು ಮತ್ತು ಆರನೆಯದರಲ್ಲಿ 32. "ಉಸಿರು ತಗೊಳ್ಳದೆ ಮೂರನೇ ಸಾಲು ಓದು" ಅಂದರು ನನಗೆ. ಮುಕ್ಕಾಲಿಗೆ ಬರುವಷ್ಟರಲ್ಲಿ ದಮ್ಮು ಕಟ್ಟಿತು. "ನೋಡಿದೆಯಾ, ಎರಡು ಸಾಲು ಆರಾಮಾಗಿ ನಡೆಸಿ, ಮೂರನೆಯದರಲ್ಲಿ ಕೈ ಹಿಡಿದು ಎಳ್ಕೊಂಡು ಹೋಗ್ತಾನೆ. ಆಮೇಲೆ ಬಿಡ್ತಾನೆ."

ಅದೇ ವಾರ ಪುಣ್ಯಕೋಟಿ ಹಾಡು ಬಂತು. ಪ್ರೈಮರಿ ಶಾಲೆಯ ಹಾಡು ಡಿಗ್ರಿ ಕ್ಲಾಸಿನಲ್ಲಿ! ಕೆಲವರು ನಕ್ಕರು. ಮೇಡಂ ನಗಲಿಲ್ಲ.

"ಖಂಡವಿದಿಕೋ, ಮಾಂಸವಿದಿಕೋ, ಗುಂಡಿಗೆಯ ಬಿಸಿರಕ್ತವಿದಿಕೋ."

ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆ. ತಕಿಟ ತಕಧಿಮಿ. "ನನ್ನನ್ನು ತಿನ್ನು ಅಂತ ಒಂದೇ ಸಲ ಹೇಳಿದ್ದರೆ ಸಾಕಿತ್ತು, ಅಲ್ವಾ? ಹಸು ಹಾಗೆ ಹೇಳಲ್ಲ. ಒಂದೊಂದನ್ನೇ ಎತ್ತಿ ಹುಲಿ ಮುಂದೆ ಇಡುತ್ತೆ. ಮೂರು ಸಲ 'ಇದಿಕೋ'. ಪ್ರತಿ ಸಲವೂ ಆ 'ಕೋ' ಹತ್ತಿರ ನಿಲ್ಲಲೇಬೇಕು. ಜೀವ ಉಳಿಸಿಕೊಳ್ಳೋ ಆತುರ ಇದ್ದವರು ಹೀಗೆ ನಿಂತು ಮಾತಾಡ್ತಾರಾ?" ಚಿಕ್ಕಂದಿನಿಂದ ನೂರಾರು ಸಲ ಹಾಡಿದ್ದೆ. ಆ ಹಸು ಎಷ್ಟು ನಿಧಾನವಾಗಿ ಮಾತಾಡುತ್ತದೆ ಅಂತ ಅವತ್ತೇ ಕೇಳಿಸಿದ್ದು.

ಎರಡನೇ ವರ್ಷ ನಮ್ಮ ಅಜ್ಜಿ ತೀರಿಕೊಂಡರು. ಕಾಲೇಜು ಪತ್ರಿಕೆಗೆ ನಾನು ಬರೆದ ಲೇಖನದ ಮೊದಲ ಸಾಲು ಹೀಗಿತ್ತು: 'ನನ್ನ ಪ್ರೀತಿಯ ಅಜ್ಜಿ ದಿನಾಂಕ 12ರಂದು ದೈವಾಧೀನರಾದರು.' ಮೇಡಂ ಅದರ ಕೆಳಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು, "ನಿನಗೆ ಸುದ್ದಿ ಹೇಳಿದವರು ಯಾರು? ಏನಂದ್ರು?" ಎಂದು ಕೇಳಿದರು.

"ಚಿಕ್ಕಪ್ಪ ಫೋನ್ ಮಾಡಿದ್ರು ಮೇಡಂ. 'ಅಜ್ಜಿ ಇಲ್ಲ ಕಣೋ' ಅಂದ್ರು."

"ನೀನೇನಂದೆ?"

"'ಎಲ್ಲಿಗೆ ಹೋದ್ರು' ಅಂದೆ."

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕಾಗದ ನನ್ನ ಕಡೆ ತಳ್ಳಿ, "ಇಷ್ಟೇ ಬರಿ ಮರೀ. ಮಧ್ಯೆ ಏನೂ ತುರುಕಬೇಡ" ಅಂದರು. ಹಾಗೇ ಬರೆದೆ. ಅಚ್ಚಾದ ಮೇಲೆ ಅಪ್ಪ ಅದನ್ನು ಓದಿ, ಎದ್ದು ಹಿತ್ತಲಿಗೆ ಹೋದರು. ನನ್ನ ಬರಹ ಒಬ್ಬರನ್ನು ಎಬ್ಬಿಸಿ ಕಳಿಸಿದ್ದು ಅದೇ ಮೊದಲು.

ಈಗ ಹಾಸನದಲ್ಲಿ ಕೆಲಸ. ದಿನವಿಡೀ ಲೆಕ್ಕ, ಪತ್ರ. ಆದರೂ ಒಂದು ಪತ್ರ ಕಳಿಸುವ ಮುಂಚೆ ಮನಸ್ಸಿನಲ್ಲೇ ಗಟ್ಟಿಯಾಗಿ ಓದಿಕೊಳ್ಳುತ್ತೇನೆ.

ಹೋದ ವರ್ಷ ಊರಿಗೆ ಹೋದಾಗ ಮೇಡಂ ಮನೆಗೆ ಹೋಗಿದ್ದೆ. ನಿವೃತ್ತಿಯಾಗಿ ಬಹಳ ವರ್ಷವಾಗಿದೆ, ಉಬ್ಬಸ ಬೇರೆ. ಕಾಫಿ ಕೊಟ್ಟು, ಅದೇ ಹಳೆಯ ಪುಸ್ತಕ ತೆಗೆದು ಚಂದ್ರಹಾಸನ ಪದ್ಯ ಓದತೊಡಗಿದರು. ಎರಡು ಸಾಲು ಸರಾಗವಾಗಿ ಬಂತು. ಮೂರನೆಯದರ ನಡುವೆ ಉಸಿರು ಸಾಲದೆ ನಿಂತರು. ಪುಸ್ತಕ ನನ್ನ ಕೈಗಿಟ್ಟರು. ನಾನು ಅಲ್ಲಿಂದಲೇ ಮುಂದುವರಿಸಿದೆ. ಅವರು ಕುರ್ಚಿಯ ಕೈ ಮೇಲೆ ಬೆರಳು ತಟ್ಟುತ್ತಾ ಕೂತರು, ಐದೈದಕ್ಕೆ.