ಕಣ್ಣಂದಾಜು

ತಿಂಗಳ 9ನೇ ತಾರೀಖು ಬಂತೆಂದರೆ ನಮ್ಮ ಲ್ಯಾಬಿನ ಮುಂದೆ ಚಪ್ಪಲಿ ಬಿಡಲೂ ಜಾಗ ಇರುವುದಿಲ್ಲ. ಬಸುರಿಯರ ತಪಾಸಣೆಯ ದಿನ ಅದು, 2016ರಿಂದ ನಡೆದು ಬಂದಿದೆ. ದೇವದುರ್ಗ ತಾಲ್ಲೂಕಿನ ಹಳ್ಳಿಗಳಿಂದ ಟಂಟಂ ಹತ್ತಿ ಬರುತ್ತಾರೆ. ತಾಯಿ ಕಾರ್ಡುಗಳ ಕಟ್ಟು ಹಿಡಿದ ಆಶಾ ಕಾರ್ಯಕರ್ತೆ ಮುಂದೆ, ಇವರೆಲ್ಲ ಹಿಂದೆ. ನಾನು ಲ್ಯಾಬ್ ಟೆಕ್ನಿಷಿಯನ್. ಹತ್ತೊಂಬತ್ತು ವರ್ಷದಿಂದ ಹೆಂಗಸರ ಬೆರಳಿಗೆ ಸೂಜಿ ಚುಚ್ಚುತ್ತಿದ್ದೇನೆ. "ಇರೋದಽ ಒಂದೀಟು ರಗತ, ಅದನ್ನೂ ನೀವಽ ತಗೋತೀರೇನ್ರಿ ಮೇಡಂ?" ಎಂದು ಪ್ರತಿ ತಿಂಗಳೂ ಒಬ್ಬಳಾದರೂ ಕೇಳುತ್ತಾಳೆ. ಪ್ರತಿ ತಿಂಗಳೂ ಎಲ್ಲರೂ ನಗುತ್ತಾರೆ.

ನಾನು ಕೆಲಸಕ್ಕೆ ಸೇರಿದಾಗ ಹಿಮೋಗ್ಲೋಬಿನ್ ನೋಡಲು ಇದ್ದದ್ದು ಸಾಹ್ಲಿ ಪೆಟ್ಟಿಗೆ. ಗಾಜಿನ ಕೊಳವೆಯಲ್ಲಿ ತೆಳು ಮಾಡಿದ ಹೈಡ್ರೋಕ್ಲೋರಿಕ್ ಆ್ಯಸಿಡ್ ಹಾಕಬೇಕು. ಬೆರಳ ತುದಿಯ ರಕ್ತವನ್ನು ಪಿಪೆಟ್ಟಿನಲ್ಲಿ 20ರ ಗೆರೆಯವರೆಗೆ ಎಳೆದು ಅದರೊಳಗೆ ಬಿಡಬೇಕು. ಕೆಂಪು ಹೋಗಿ ಕಂದಾಗುತ್ತದೆ. ಹತ್ತು ನಿಮಿಷ ಕಾದು, ಡಿಸ್ಟಿಲ್ಡ್ ವಾಟರನ್ನು ಹನಿ ಹನಿಯಾಗಿ ಬಿಡುತ್ತಾ, ಗಾಜಿನ ಕಡ್ಡಿಯಿಂದ ಕಲಕುತ್ತಾ, ಪಕ್ಕದ ಕಂದು ಗಾಜಿನ ಬಣ್ಣಕ್ಕೆ ಹೊಂದುವ ತನಕ ದಿಟ್ಟಿಸುತ್ತಿರಬೇಕು. ಹಾಲು ಹಾಕುವ ಮುಂಚಿನ ಚಹಾದ ಬಣ್ಣ ಅದು. ಕಿಟಕಿ ಬೆಳಕಿನಲ್ಲೇ ನೋಡಬೇಕು, ಇಲ್ಲದಿದ್ದರೆ ಒಂದು ಗ್ರಾಂ ಆಚೀಚೆ ಆಗುತ್ತದೆ. ಒಬ್ಬಳಿಗೆ ಕಾಲು ತಾಸು ಹಿಡಿಯುತ್ತಿತ್ತು. ಅರವತ್ತು ಜನ ಬಂದ ದಿನ ಏನು ಮಾಡುತ್ತಿದ್ದೆ ಅನ್ನುವುದನ್ನು ಹೇಳಲೆಂದೇ ಇವತ್ತು ಬರೆಯಲು ಕೂತದ್ದು.

ಹತ್ತಿ ಬಿಡಿಸುವ ಕಾಲ. ಕೂಲಿ ಬಿಟ್ಟು ಬಂದವರೆಲ್ಲ ಹೊಲಕ್ಕೆ ವಾಪಸು ಹೋಗುವ ಅವಸರದಲ್ಲಿದ್ದರು. ಕೊಳವೆ ಇದ್ದದ್ದು ಮೂರು, ಅದರಲ್ಲೊಂದು ಬೆಳಗ್ಗೆಯೇ ಒಡೆದಿತ್ತು. ಮಧ್ಯಾಹ್ನದ ಹೊತ್ತಿಗೆ ನಾನು ಕೊಳವೆ ಮುಟ್ಟುವುದನ್ನೇ ಬಿಟ್ಟೆ. ಕೆಳರೆಪ್ಪೆ ಎಳೆದು ನೋಡುವುದು, ಉಗುರು ಒತ್ತಿ ನೋಡುವುದು, ಒಂದು ಅಂಕಿ ಬರೆಯುವುದು. ಒಬ್ಬಳಿಗೆ 9.5 ಎಂದು ಬರೆದೆ. ಸುಮ್ಮನೆ 9 ಎಂದಿದ್ದರೆ ನೋಡಿದವರಿಗೆ ಅನುಮಾನವಾದರೂ ಬರುತ್ತಿತ್ತೇನೋ. ಚುಕ್ಕಿ ಇಟ್ಟು ಐದು ಬರೆದರೆ ಅಳೆದೇ ಬರೆದ ಹಾಗೆ ಕಾಣುತ್ತದೆ.

ಎರಡು ತಿಂಗಳಿಗೆ ಅವಳ ಹೆರಿಗೆಯಾಯಿತು. ಮೊದಲು ಹೋದ ಆಸ್ಪತ್ರೆಯಲ್ಲಿ ಕಾರ್ಡ್ ನೋಡಿ, 9.5 ಇದೆಯಲ್ಲ ಎಂದು ಧೈರ್ಯವಾಗಿದ್ದರಂತೆ. ಮಾಸು ಬಿದ್ದ ಮೇಲೆ ರಕ್ತ ನಿಲ್ಲಲಿಲ್ಲ. ರಾತ್ರೋರಾತ್ರಿ ರಾಯಚೂರಿಗೆ ಒಯ್ದರು. ಅಲ್ಲಿ ನೋಡಿದಾಗ 4.8. ಮೂರು ಬಾಟಲಿ ರಕ್ತ ಬೇಕಾಯಿತು. ಗಂಡನ ಮನೆಯ ಗಂಡಸರು ಒಬ್ಬೊಬ್ಬರೇ ಬೀಡಿ ಸೇದಲು ಹೊರಗೆ ಹೋದವರು ಒಳಗೆ ಬರಲಿಲ್ಲವಂತೆ. ಕೊಟ್ಟವನು ತವರಿನ ತಮ್ಮ. ಬದುಕಿದಳು.

ಕೂಸಿನ ಸೂಜಿಗೆಂದು ಬಂದ ಅವಳ ಅತ್ತೆ ಲ್ಯಾಬಿನೊಳಗೆ ಬಂದು ಆ ಕಾರ್ಡನ್ನು ನನ್ನ ಮೇಜಿನ ಮೇಲೆ ಹರವಿದಳು. "ಇದು ನೀವಽ ಬರದದ್ದೇನ್ರಿ?"

"ಹೌದವ್ವ."

"ನಮಗ ಓದಾಕ ಬರಂಗಿಲ್ಲ. ಏನಂತ ಬರದೀರಿ, ಓದಿ ಹೇಳ್ರಿ."

ಓದಿದೆ. ಅವಳು ಬೈಯಲಿಲ್ಲ. ಕಾರ್ಡ್ ಮಡಚಿ ಸೆರಗಿನಲ್ಲಿ ಕಟ್ಟಿಕೊಂಡು ಹೋದಳು.

ಬಸುರಿಯ ಹಿಮೋಗ್ಲೋಬಿನ್ 100 ಮಿಲೀ ರಕ್ತದಲ್ಲಿ 11 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ, 7ಕ್ಕಿಂತ ಕೆಳಗಿಳಿದರೆ ತೀವ್ರ. ಇದನ್ನು ಆಶಾಗಳು ಬಾಯಿಪಾಠ ಹೇಳುತ್ತಾರೆ. ಆದರೆ ಆ ಅಂಕಿ ಯಾಕೆ ಬೇಕು ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ದಿನ ತುಂಬಿದವಳ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿನಷ್ಟು ರಕ್ತ ಹರಿಯುತ್ತಿರುತ್ತದೆ. ಮಾಸು ಬಿದ್ದ ಕೂಡಲೇ ಗರ್ಭಕೋಶ ಮುಷ್ಟಿ ಹಿಡಿದಂತೆ ಬಿಗಿದುಕೊಳ್ಳಬೇಕು. ಬಿಗಿಯದಿದ್ದರೆ ಮನೆಯವರು ಆ್ಯಂಬುಲೆನ್ಸಿಗೆ ಫೋನ್ ಹಚ್ಚುವಷ್ಟರಲ್ಲಿ ಎಷ್ಟು ಹೋಗಿರುತ್ತದೋ. ರಕ್ತ ಗಟ್ಟಿಯಿದ್ದವಳು ಒಂದಷ್ಟು ಹೊತ್ತು ತಡೆದಾಳು. ಆರು ಇದ್ದವಳ ಬಳಿ ತಡೆಯಲು ಏನಿದೆ? ಪಾಕಿಸ್ತಾನ, ನೈಜೀರಿಯಾ, ತಾಂಜಾನಿಯಾ, ಜಾಂಬಿಯಾಗಳಲ್ಲಿ ಸಾವಿರಾರು ರಕ್ತಹೀನ ಬಾಣಂತಿಯರನ್ನು ಗಮನಿಸಿದ ಅಧ್ಯಯನವೊಂದು 2023ರಲ್ಲಿ ಬಂತು. ಹಿಮೋಗ್ಲೋಬಿನ್ ಇಳಿದಷ್ಟೂ ರಕ್ತಸ್ರಾವ ಹೆಚ್ಚು, ಮಧ್ಯಮ ರಕ್ತಹೀನತೆ ಇದ್ದವರಿಗಿಂತ ತೀವ್ರ ಇದ್ದವರಲ್ಲಿ ಸಾವು ಅಥವಾ ಸಾವಿನ ಅಂಚಿಗೆ ಹೋಗುವ ಸಂಭವ ಏಳು ಪಟ್ಟು ಎಂದಿತ್ತು. ಓದಿದ ದಿನ ಆ ಅತ್ತೆಯ ಸೆರಗು ಕಣ್ಣ ಮುಂದೆ ಬಂತು.

ಕಣ್ಣಂದಾಜಿನ ಕಾಯಿಲೆ ನನ್ನ ಲ್ಯಾಬಿನದು ಮಾತ್ರ ಅಲ್ಲ. ಹೆರಿಗೆ ಕೋಣೆಯಲ್ಲಿ ರಕ್ತ ಎಷ್ಟು ಹೋಯಿತು ಎಂದು ಬಟ್ಟೆ ನೋಡಿಯೇ ಹೇಳುವ ರೂಢಿ. "ಎರಡು ಬಟ್ಟೆ ತೊಯ್ದಾವ, ಜಾಸ್ತಿ ಏನಿಲ್ಲ" ಅನ್ನುತ್ತಾರೆ. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ ಇದಕ್ಕೊಂದು ಸರಳ ಉಪಾಯ ಪರೀಕ್ಷಿಸಿದರು. ಬಾಣಂತಿಯ ಕೆಳಗೆ ಅಳತೆಯ ಗೆರೆ ಹಾಕಿದ ಪ್ಲಾಸ್ಟಿಕ್ ಚೀಲದಂಥ ಹಾಳೆ ಹಾಸುವುದು. ರಕ್ತ ಅದರಲ್ಲೇ ಇಳಿದು ನಿಲ್ಲುತ್ತದೆ. ಗೆರೆ ಮುಟ್ಟಿದರೆ ಹೊಟ್ಟೆ ನೀವುವುದು, ಗರ್ಭಕೋಶ ಬಿಗಿಯುವಂತೆ ಮಾಡುವ ಆಕ್ಸಿಟೋಸಿನ್, ಹೆಪ್ಪು ಕರಗದಂತೆ ತಡೆಯುವ ಟ್ರನೆಕ್ಸಾಮಿಕ್ ಆ್ಯಸಿಡ್, ಸಲೈನ್ ಎಲ್ಲವನ್ನೂ ಒಟ್ಟಿಗೆ ಶುರು ಮಾಡುವುದು. ಮುಂಚೆ ಅತಿಸ್ರಾವದ ಅರ್ಧದಷ್ಟು ಪ್ರಕರಣಗಳು ಮಾತ್ರ ಗೊತ್ತಾಗುತ್ತಿದ್ದವು, ಹಾಳೆ ಹಾಸಿದಲ್ಲಿ ನೂರಕ್ಕೆ 93 ಗೊತ್ತಾದವು. ತೀವ್ರ ಸ್ರಾವ ಮತ್ತು ಅದರಿಂದಾಗುವ ಅನಾಹುತಗಳು ಶೇಕಡ 60ರಷ್ಟು ಇಳಿದವು. ಔಷಧಿಗಳೆಲ್ಲ ಮೊದಲೂ ಇದ್ದವೇ.

2023ರಲ್ಲಿ ಜಗತ್ತಿನಲ್ಲಿ ಸುಮಾರು 2.6 ಲಕ್ಷ ಹೆಂಗಸರು ಬಸಿರು, ಬಾಣಂತನದ ಕಾರಣಕ್ಕೆ ತೀರಿಕೊಂಡರು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ನಮ್ಮ ದೇಶದಲ್ಲಿ 19,000. ಲಕ್ಷ ಜೀವಂತ ಹೆರಿಗೆಗೆ 93 ತಾಯಂದಿರ ಸಾವು ಎಂಬುದು 2019–21ರ ದೇಶದ ಲೆಕ್ಕ, ಕರ್ನಾಟಕದ್ದು 63. ಮೀಟಿಂಗಿನಲ್ಲಿ ಈ 63 ಹೇಳಿ ಚಪ್ಪಾಳೆ ತಟ್ಟಿಸುತ್ತಾರೆ. ತಟ್ಟಲಿ, ಇಳಿದದ್ದು ನಿಜ. ಆದರೆ ಬೆಂಗಳೂರನ್ನೂ ನಮ್ಮ ದೊಡ್ಡಿ, ತಾಂಡಾಗಳನ್ನೂ ಒಂದೇ ಕೊಡದಲ್ಲಿ ಕಲಸಿ ತೆಗೆದ ಲೆಕ್ಕ ಅದು.

ಇಲ್ಲಿ ಕಬ್ಬಿಣದ ಗುಳಿಗೆ 180 ದಿನಕ್ಕೆ ಎಣಿಸಿ ಕೊಡುತ್ತೇವೆ. ನುಂಗುವವರು ಎಷ್ಟು ಎಂದು ಕೇಳಬೇಡಿ. ಹೊಟ್ಟೆ ತೊಳಸುತ್ತದೆ, ಮಲ ಕಪ್ಪಗಾಗುತ್ತದೆ, "ಕೂಸು ದಪ್ಪ ಆದ್ರ ಹೆರಿಗಿ ಕಷ್ಟ ಆಗ್ತದ" ಎಂದು ಹಿರಿಯರು ಹೆದರಿಸುತ್ತಾರೆ. ನುಂಗಿದವರೂ ಮೇಲೊಂದು ಕಪ್ಪು ಚಹಾ ಕುಡಿದು ಅದರ ಸತ್ವ ಕೆಡಿಸುತ್ತಾರೆ. ಪುಂಡಿಪಲ್ಯ ತಿನ್ನು, ಹೆಸರುಕಾಳು ತಿನ್ನು ಅನ್ನುತ್ತೇನೆ. ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಉಣ್ಣುವವಳ ತಟ್ಟೆಗೆ ಬರುವುದು ಪಲ್ಯದ ಎಣ್ಣೆ ಮಾತ್ರ. ಇನ್ನು ಗುಳೆ ಹೋದವರ ಕಾರ್ಡ್ ಊರಲ್ಲಿ ಟ್ರಂಕಿನೊಳಗೆ, ಬಸುರಿ ಬೆಂಗಳೂರಲ್ಲಿ ಕಟ್ಟಡದ ಮೇಲೆ.

ಈಗ ಡಿಜಿಟಲ್ ಮೀಟರ್ ಬಂದಿದೆ. ಪಟ್ಟಿಗೆ ಒಂದು ಹನಿ ರಕ್ತ ಬಿಟ್ಟರೆ ಕ್ಷಣದಲ್ಲಿ ಅಂಕಿ. ಆದರೂ ಹಳೇ ಚಟ: ಚುಚ್ಚುವ ಮುಂಚೆ ಮುಖ ನೋಡಿ ಮನಸ್ಸಿನಲ್ಲೇ ಒಂದು ಅಂಕಿ ಅಂದುಕೊಳ್ಳುತ್ತೇನೆ. ಹೋದ 9ಕ್ಕೆ ಒಬ್ಬಳು ಬಂದಿದ್ದಳು. ಕುಬಸಕ್ಕೆಂದು ಬೆಂಗಳೂರಿಂದ ಬಂದವಳು, ಕೈತುಂಬ ಹಸಿರು ಬಳೆ, ಬಾಯಿತುಂಬ ಮಾತು. ಹತ್ತು ಇದ್ದಾಳು ಅಂದುಕೊಂಡೆ. ಮೀಟರ್ 7.4 ತೋರಿಸಿತು. ಇನ್ನೊಂದು ಬೆರಳು ಚುಚ್ಚಿದೆ. 7.3. ಕೆಂಪು ಪೆನ್ನಿನಲ್ಲಿ ಬರೆದೆ.

ಅವಳಿಗೆ ಓದಲು ಬರುತ್ತದೆ. ಕಾರ್ಡ್ ಇಣುಕಿ, "ಹತ್ತಕ್ಕ ಏಳಂದ್ರ ಪಾಸಾದಂಗಲ್ಲೇನ್ರಿ ಮೇಡಂ?" ಅಂದಳು.

"ಇದರಾಗ ಪಾಸಾಗಬೇಕಂದ್ರ ಹನ್ನೊಂದು ಬೇಕವ್ವ."

"ಯಪ್ಪಾ, ಹತ್ತಕ್ಕ ಹನ್ನೊಂದು!" ಎಂದು ಪಕ್ಕದವಳ ತೊಡೆಗೆ ಹೊಡೆದು ನಕ್ಕಳು. ಡಾಕ್ಟರು ಸೋಮವಾರ ಕಬ್ಬಿಣದ ಇಂಜೆಕ್ಷನ್‌ಗೆ ಬರಹೇಳಿದ್ದಾರೆ. ಆ ಊರಿನ ಆಶಾಗೆ ಆಗಲೇ ಎರಡು ಸಲ ಫೋನ್ ಮಾಡಿದ್ದೇನೆ. ಭಾನುವಾರ ರಾತ್ರಿ ಇನ್ನೊಂದು ಸಲ ಮಾಡುತ್ತೇನೆ.