ಮಂಗಟ್ಟೆಯ ಗೂಡು

ಶಿರಸಿಯ ಸಮೀಪದ ಸೊಪ್ಪಿನ ಬೆಟ್ಟವೊಂದರಲ್ಲಿ (ಅಡಿಕೆ ತೋಟಕ್ಕೆ ಸೊಪ್ಪು ತರಲು ತೋಟದವರಿಗೆ ಬಿಟ್ಟ ಕಾಡು) ಇಂದು ಬೆಳಿಗ್ಗೆ ಮಲಬಾರ್ ಬೂದು ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಯ ಗಂಡು ಗೂಡಿಗೆ ಆಹಾರ ತರುವುದನ್ನು ಕಣ್ತುಂಬ ನೋಡಿದೆ.

ಹೆಣ್ಣು ಪೊಟರೆಯೊಳಗೆ ಸೇರಿ, ಪೊಟರೆಯ ಬಾಯನ್ನು ಒಳಗಿನಿಂದಲೇ ಮೆತ್ತಿಕೊಂಡು, ಕೊಕ್ಕಿನ ತುದಿ ಹೊರಬರುವಷ್ಟು ಸೀಳನ್ನು ಮಾತ್ರ ಉಳಿಸಿಕೊಂಡಿದೆ. ಗಂಡು ತೊಗಟೆಗೆ ಆತುಕೊಂಡು, ಗಂಟಲಿನಿಂದ ಒಂದೊಂದೇ ಹಣ್ಣನ್ನು ಮೇಲಕ್ಕೆ ತಂದು, ಕೊಕ್ಕಿನ ತುದಿಗೆ ಸರಿಸಿಕೊಂಡು, ಆ ಸೀಳಿನೊಳಗೆ ಎಷ್ಟು ಜೋಪಾನವಾಗಿ ದಾಟಿಸುತ್ತಿತ್ತೆಂದರೆ, ಒಂದು ಹಣ್ಣೂ ಕೆಳಗೆ ಬೀಳಲಿಲ್ಲ.

ಪಶ್ಚಿಮ ಘಟ್ಟವನ್ನು ಬಿಟ್ಟರೆ ಜಗತ್ತಿನ ಬೇರೆಲ್ಲೂ ಇಲ್ಲದ ಹಕ್ಕಿಯಿದು. ದಾಂಡೇಲಿಯಲ್ಲಿ 2011ರಲ್ಲಿ ಮಂಗಟ್ಟೆಗಳಿಗಾಗಿಯೇ ಸಂರಕ್ಷಣಾ ಮೀಸಲು ಪ್ರದೇಶ ಘೋಷಣೆಯಾಯಿತು. ಆದರೆ ನಮ್ಮ ಸೊಪ್ಪಿನ ಬೆಟ್ಟಗಳಲ್ಲಿ ಪೊಟರೆಯಿರುವ ಹಳೆಯ ಮರವನ್ನು ಉಳಿಸಬೇಕಾದವರು ತೋಟದವರೇ, ಮತ್ತು ಹಲವರು ಉಳಿಸಿಯೂ ಇದ್ದಾರೆ.

ಚಿತ್ರವನ್ನು ದೂರದಿಂದ, ಉದ್ದ ಲೆನ್ಸಿನಲ್ಲಿ ತೆಗೆದಿದ್ದೇನೆ. ಮರದ ಬುಡದಲ್ಲಿ ಜನ ಸೇರಿದರೆ ಗಂಡು ಗೂಡಿನ ಬಳಿ ಬರಲು ಹಿಂಜರಿಯುತ್ತದೆ, ಒಳಗಿರುವ ತಾಯಿ ಮತ್ತು ಮರಿಗಳು ಅಷ್ಟು ಹೊತ್ತೂ ಹಸಿದಿರಬೇಕಾಗುತ್ತದೆ. ಆದ್ದರಿಂದ ಸ್ನೇಹಿತರೇ, ಈ ಮರ ಯಾವ ಊರಿನದೆಂದು ದಯವಿಟ್ಟು ಕೇಳಬೇಡಿ.